ಬೆಳ್ಯಪ್ಪನ ಹನ್ನೊಂದು ಸೀಸದ ಗುಂಡುಗಳು

ಸಕಲ ಲೋಹಗಳ ಅಧಿದೇವತೆಯೇ, ಚಿನ್ನವನ್ನು ಅರಸರ ಕಿರೀಟಕ್ಕೂ ಬೆಳ್ಳಿಯನ್ನು ಮದುಮಗಳ ಕಾಲಿಗೂ ಕಬ್ಬಿಣವನ್ನು ನೇಗಿಲಿನ ತುದಿಗೂ ಹಂಚಿಕೊಟ್ಟು, ಕೊನೆಯಲ್ಲಿ ಉಳಿದ ಮಂಕುಬಣ್ಣದ ಸೀಸವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತವಳೇ, ಈ ಕವಿಯ ನಾಲಗೆಯ ಮೇಲೆ ಕ್ಷಣಕಾಲ ಬಂದು ಕುಳಿತುಕೋ. ಆ ಸೀಸವನ್ನು ಮಾತ್ರ ಕೆಳಗಿಟ್ಟು ಬಾ. ನಾಲಗೆ ಮೆತ್ತಗಿದೆ, ಕಥೆ ಉದ್ದವಿದೆ.

ದಿನಸಿ ವರ್ತಕರೆಲ್ಲ ಕಬ್ಬಿಣದ ತೂಕದ ಕಲ್ಲುಗಳನ್ನು ಮೂಲೆಗೆ ತಳ್ಳಿ, ಕೆಂಪು ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ಶರಣಾದ ಯುಗವದು. ಹೆಬ್ಬೆರಳಿನಿಂದ ಗಾಜನ್ನು ಉಜ್ಜಿದರೆ ಹದಿನಾಲ್ಕು ಲೋಕಗಳ ವಿದ್ಯೆಯೂ ಅಂಗೈಯಲ್ಲಿ ಬಂದು ಕುಣಿಯುತ್ತಿದ್ದ, ಹೀಗಾಗಿ ಯಾವ ವಿದ್ಯೆಯೂ ಯಾರಿಗೂ ಪೂರ್ತಿ ಬಾರದಿದ್ದ ಯುಗವದು. ಆ ಯುಗದಲ್ಲಿ, ಕೊಡಗು ದೇಶದಲ್ಲಿ, ವಿರಾಜಪೇಟೆಯ ಹೊರವಲಯದ ಹೆಂಚಿನ ಮನೆಯೊಂದರಲ್ಲಿ, ತುಲಾದಂಡಧರನೂ ವರ್ತಕಹೃದಯಕಂಪನಕಾರಣನೂ ದ್ವಿಗ್ರಾಂಲೋಪಾಸಹಿಷ್ಣುವೂ ಆದ ನೇರೆಮಾಡ ಬೆಳ್ಯಪ್ಪನೆಂಬ ವೀರನು ಪಿಂಚಣಿ ಪಡೆಯುತ್ತಾ ವಾಸವಾಗಿದ್ದನು. ಮೂವತ್ತೊಂದು ವರ್ಷ ಅವನು ತೂಕ ಮತ್ತು ಅಳತೆಯ ನಿರೀಕ್ಷಕನಾಗಿದ್ದವನು. ಅವನ ಜೀಪಿನ ಸದ್ದು ಕೇಳಿದರೆ ಸಂತೆಯ ಸೌತೆಕಾಯಿಗಳೂ ನೆಟ್ಟಗಾಗುತ್ತಿದ್ದವು. ಪೇಟೆಯ ದಿನಸಿ ವರ್ತಕ ಮೊಯ್ದುವಿನ ಅರ್ಧ ಕಿಲೋ ಕಲ್ಲು ಎರಡು ಗ್ರಾಂ ಸವೆದಿದೆಯೆಂದು ಅದನ್ನು ಮುಟ್ಟುಗೋಲು ಹಾಕಿ, ದಂಡವನ್ನೂ ವಿಧಿಸಿದ ಅವನ ಕೀರ್ತಿ ಗೋಣಿಕೊಪ್ಪದವರೆಗೂ ಹಬ್ಬಿತ್ತು.

ಇಂಥ ವೀರನ ಎದೆಯಲ್ಲಿ ಒಂದು ವರ್ಷದಿಂದ ಮುಳ್ಳೊಂದು ಮುರಿದುಕೊಂಡಿತ್ತು.

ಹಿಂದಿನ ವರ್ಷ, ಕೊಡವರು ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಮಧ್ಯಾಹ್ನ, ಊರ ಮೈದಾನದಲ್ಲಿ ಮರದ ಕೊಂಬೆಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆದಿತ್ತು. ಎಲ್ಲರೂ ತಮ್ಮ ತಮ್ಮ ಮನೆಯ ಕೋವಿಗಳನ್ನು ತಂದಿದ್ದರು. ಬೆಳ್ಯಪ್ಪನು ತಂದದ್ದು ಅಜ್ಜನ ಕಾಲದ ಕೇಪಿನ ಕೋವಿ, ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದಲೇ ಗಿಡಿದು ಹೊಡೆಯುವಂಥದ್ದು. ಗುಂಡುಗಳನ್ನು ಹೆಂಡತಿಯ ತಮ್ಮನಾದ ಅಯ್ಯಣ್ಣ ಕೊಟ್ಟಿದ್ದ. ಬೆಳ್ಯಪ್ಪ ಮೂರು ಹೊಡೆದ, ಮೂರೂ ಆಕಾಶಕ್ಕೆ ಹೋದವು. ಅಯ್ಯಣ್ಣ ಒಂದು ಹೊಡೆದ, ಕಾಯಿ ಒಡೆಯಿತು. ಆಮೇಲೆ ಊಟದ ಸಾಲಿನಲ್ಲಿ, ನೂರು ಎಲೆಗಳ ಮುಂದೆ, ಅಯ್ಯಣ್ಣ ನಗುತ್ತಾ ಹೇಳಿದ: "ಭಾವನಿಗೆ ತೂಕ ನೋಡ್ಲಿಕ್ಕೆ ಬರ್ತದೆ. ಗುರಿ ನೋಡ್ಲಿಕ್ಕೆ ಬರೋದಿಲ್ಲ."

ಜನ ನಕ್ಕರು. ಚೋಂದಮ್ಮನೂ ನಕ್ಕಳು. ಅವಳು ಬೆಳ್ಯಪ್ಪನ ಹೆಂಡತಿ, ಮೂವತ್ತಾರು ವರ್ಷಗಳಿಂದ. ತಮ್ಮನ ಮಾತಿಗೆ ನಗುವ ಹಕ್ಕನ್ನು ಅವಳು ಮದುವೆಯಲ್ಲಿ ಬಿಟ್ಟುಕೊಟ್ಟಿರಲಿಲ್ಲ.

ಆ ನಗೆಯು ವೀರನ ಕಿವಿಯಲ್ಲಿ ಹನ್ನೆರಡು ತಿಂಗಳು ಮೊಳಗಿತು. ಬಹುಕಾಲ ಚಿಂತಿಸಿ ಅವನು ಸೋಲಿನ ಮೂಲವನ್ನು ಕಂಡುಹಿಡಿದನು. ಕಣ್ಣಿನ ದೋಷವಲ್ಲ, ಕೈಯ ದೋಷವಲ್ಲ, ಅಯ್ಯಣ್ಣನ ಗುಂಡುಗಳ ತೂಕವೇ ಸರಿಯಿರಲಿಲ್ಲ. ಅಂಗಡಿಯ ಗುಂಡಿಗೆ ಹಣ ಸುರಿಯುವುದು ಮೂರ್ಖತನವೆಂದೂ, ತನ್ನ ಗುಂಡನ್ನು ತಾನೇ ಎರಕ ಹೊಯ್ಯುವೆನೆಂದೂ ಅವನು ನಿರ್ಧರಿಸಿದನು. ಸಪ್ತಸಾಗರಗಳ ಆಚೆಯಲ್ಲಿ ಇದಕ್ಕೊಬ್ಬ ಗುರುವೂ ಸಿಕ್ಕಿದನು. ಎದೆಯವರೆಗೆ ಗಡ್ಡ ಇಳಿಬಿಟ್ಟ ಆ ಮಹರ್ಷಿಯು ತನ್ನ ಗ್ಯಾರೇಜೆಂಬ ಆಶ್ರಮದಲ್ಲಿ ನಿಂತು, ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಸೀಸದ ಗುಂಡು ಮಾಡುವುದು ಎಷ್ಟು ಸುಲಭವೆಂದು ಮೊಬೈಲಿನಲ್ಲಿ ಉಪದೇಶಿಸುತ್ತಿದ್ದ. ಅವನ ಉಚ್ಚಾರದಲ್ಲಿ ಬೆಳ್ಯಪ್ಪನಿಗೆ ಅರ್ಧವೇ ಅರ್ಥವಾಗುತ್ತಿತ್ತು. ಆದರೆ ಮೂರು ಕಟ್ಟಪ್ಪಣೆಗಳನ್ನು ಗುರು ಬೆರಳೆಣಿಸಿ ಹೇಳಿದ್ದರಿಂದ ಅವು ಸ್ಪಷ್ಟವಾಗಿ ತಿಳಿದವು: ಸೀಸದ ಹೊಗೆ ವಿಷ, ಬಯಲಿನಲ್ಲಿ ಕರಗಿಸು. ಕರಗಿದ ಸೀಸಕ್ಕೆ ಒಂದು ಹನಿ ನೀರೂ ತಾಗದಿರಲಿ. ಕರಗಿಸುವ ಪಾತ್ರೆಯನ್ನು ಬೇರೆಯಾಗಿಯೇ ಇಡು, ಆಮೇಲೆ ಯಾವ ಕಾಲಕ್ಕೂ ಅದರಲ್ಲಿ ಅಡುಗೆ ಮಾಡಬೇಡ.

ಮೊದಲೆರಡನ್ನು ಬೆಳ್ಯಪ್ಪ ಒಪ್ಪಿದ. ಮೂರನೆಯದು ಮಿತವ್ಯಯಕ್ಕೆ ವಿರುದ್ಧವಾಗಿದ್ದುದರಿಂದ ಅದರ ಬಗ್ಗೆ ಆಮೇಲೆ ಯೋಚಿಸಿದರಾಯಿತೆಂದುಕೊಂಡ.

ಸೀಸವೆಲ್ಲಿ? ಇಲ್ಲಿ ಅವನ ಸೇವಾನುಭವ ಕೈಹಿಡಿಯಿತು. ಹಳೆಯ ಕಬ್ಬಿಣದ ತೂಕದ ಕಲ್ಲನ್ನು ಮಗುಚಿದರೆ ಅಡಿಯಲ್ಲೊಂದು ಗುಳಿ, ಗುಳಿಯಲ್ಲೊಂದು ಸೀಸದ ಬಿಲ್ಲೆ, ಬಿಲ್ಲೆಯ ಮೇಲೆ ವರ್ಷ ವರ್ಷ ಒತ್ತಿದ ಮುದ್ರೆ. ಜಿಲ್ಲೆಯ ಅರ್ಧದಷ್ಟು ಮುದ್ರೆಗಳನ್ನು ಒತ್ತಿದವನು ಅವನೇ. ಅವನು ಚೀಲ ಹಿಡಿದು ಅಂಗಡಿಯಿಂದಂಗಡಿಗೆ ದಿಗ್ವಿಜಯ ಹೊರಟನು. ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಕಲ್ಲುಗಳನ್ನು ವರ್ತಕರು ಸಂತೋಷದಿಂದಲೇ ಒಪ್ಪಿಸಿದರು. ಮೊಯ್ದು ಗೋಣಿಯಲ್ಲಿ ತುಂಬಿಕೊಟ್ಟು ಆಟೋದವರೆಗೆ ತಾನೇ ಹೊತ್ತು ತಂದ. ಹಿಂದಿನ ಯಾವ ಮಾತನ್ನೂ ಎತ್ತಲಿಲ್ಲ. ಆಟೋ ಹೊರಡುವಾಗ ಮಾತ್ರ, "ತೂಕ ಸರಿ ಇದೆಯಾ ನೋಡ್ಕೊಳ್ಳಿ ಸಾರ್" ಎಂದ. ವೀರನು ಅದನ್ನು ಗೌರವವೆಂದೇ ಭಾವಿಸಿದನು.

ಹಬ್ಬಕ್ಕೆ ಮೂರು ದಿನವಿರುವಾಗ ಚೋಂದಮ್ಮ ಅಕ್ಕನ ಮನೆಗೆಂದು ಅಮ್ಮತ್ತಿಗೆ ಬೆಳಗಿನ ಬಸ್ಸಿನಲ್ಲಿ ಹೋದಳು. ಬಸ್ಸಿನ ಧೂಳು ಅಡಗುವ ಮೊದಲೇ ಬೆಳ್ಯಪ್ಪನು ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಒಟ್ಟಿದನು. ತೂಕದ ಕಲ್ಲುಗಳ ಗುಳಿಯಿಂದ ಸೀಸದ ಬಿಲ್ಲೆಗಳನ್ನು ಕಿತ್ತು ತೆಗೆದನು. ಅಟ್ಟದಿಂದ ಅಜ್ಜನ ಕಾಲದ ಗುಂಡಿನ ಅಚ್ಚನ್ನು ಇಳಿಸಿದನು. ಅದು ಇಕ್ಕಳದ ಹಾಗೆ ಬಾಯಿ ತೆರೆದು ಮುಚ್ಚುವಂಥದ್ದು. ಹಳೆಯ ಸ್ವೆಟರಿನ ಎರಡು ತೋಳುಗಳನ್ನು ಕೈಗವಚವಾಗಿ ತೊಟ್ಟನು. ಪಾತ್ರೆಯ ಪ್ರಶ್ನೆ ಬಂದಾಗ ಅಡುಗೆಮನೆಗೆ ನಡೆದು, ಮೊಳೆಗೆ ತೂಗಿದ್ದ ದಪ್ಪ ಕಬ್ಬಿಣದ ಬಾಣಲೆಯನ್ನು ಕೆಳಗಿಳಿಸಿದನು.

ಓದುಗರೇ, ಆ ಬಾಣಲೆಯ ಬಗ್ಗೆ ಎರಡು ಮಾತು. ಅದು ಚೋಂದಮ್ಮನ ತಾಯಿ ಮಗಳ ಜೊತೆ ಕಳಿಸಿದ್ದು. ವರ್ಷದಲ್ಲಿ ನಾಲ್ಕೈದು ಸಲ, ಹಬ್ಬಕ್ಕೋ ನೆಂಟರಿಗೋ, ಪಂದಿ ಕರಿ ಮಾಡಲು ಮಾತ್ರ ಅದು ಮೊಳೆಯಿಂದ ಇಳಿಯುತ್ತಿತ್ತು. ಎರಡು ತಲೆಮಾರಿನ ಹಂದಿಕೊಬ್ಬು ಕುಡಿದು ಅದರ ಒಡಲು ಕನ್ನಡಿಯ ಹಾಗೆ ಕರ್ರಗೆ ಹೊಳೆಯುತ್ತಿತ್ತು. ಚೋಂದಮ್ಮ ಅದಕ್ಕೆ ಸೋಪು ತಾಗಲೂ ಬಿಡುತ್ತಿರಲಿಲ್ಲ.

ಅದರಲ್ಲಿ ಬೆಳ್ಯಪ್ಪ ಸೀಸ ಸುರಿದನು.

ಆಹಾ, ಲೋಹವು ಕರಗಿದ ಆ ಗಳಿಗೆ! ಮುದ್ರೆಗಳು ಒಂದೊಂದಾಗಿ ಮುಖ ಕಳೆದುಕೊಂಡವು. ಮೂವತ್ತೊಂದು ವರ್ಷಗಳ ಸೇವೆ ಬೆಳ್ಳಿಯ ಕೊಳವಾಗಿ ಮಿರುಗಿತು. ಪ್ರಳಯಕಾಲದ ರುದ್ರನಂತೆ ಒಂದು ಕೈಯಲ್ಲಿ ಸೌಟನ್ನೂ ಇನ್ನೊಂದರಲ್ಲಿ ಅಚ್ಚನ್ನೂ ಹಿಡಿದು ಅವನು ಬಗ್ಗಿದಾಗ, ವೀರಲಲಾಟದಿಂದ ಹೊರಟ ಬೆವರಿನ ಹನಿಯೊಂದು ಮೂಗಿನ ಸೇತುವೆಯನ್ನು ದಾಟಿ, ತುದಿಯಲ್ಲಿ ಕೊಂಚ ತಡೆದು, ಗುರುವಿನ ಎರಡನೆಯ ಅಪ್ಪಣೆಯನ್ನು ಮೀರಿ ಕೆಳಗೆ ಜಿಗಿಯಿತು. ಬಾಣಲೆ ಸಿಡಿಯಿತು. ಕೋಳಿಗಳು ಬೇಲಿ ಹಾರಿದವು. ವೀರನು ಹಿಂದಕ್ಕೆ ಬಿದ್ದನು. ಕಣ್ಣಿಗೆ ಬಡಿಯಬಹುದಾಗಿದ್ದ ಸೀಸದ ಹನಿಯು ದೈವಯೋಗದಿಂದ ಎಡಮೀಸೆಯನ್ನು ಮಾತ್ರ ಬಲಿ ತೆಗೆದುಕೊಂಡಿತು. ಹಿತ್ತಿಲಿನಲ್ಲಿ ಬಹಳ ಹೊತ್ತು ಸುಟ್ಟ ಕೂದಲಿನ ವಾಸನೆ ನಿಂತಿತ್ತು.

ಆದರೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಗುಂಡುಗಳು ಬಾಳೆಯೆಲೆಯ ಮೇಲೆ ಸಾಲಾಗಿ ಕುಳಿತವು. ಅವನು ಒಂದೊಂದನ್ನೂ ತೂಗಿ ನೋಡಿದನು. ಒಂದರ ಹೊಟ್ಟೆಯಲ್ಲಿ ಗಾಳಿ ಸೇರಿತ್ತು, ಇನ್ನೊಂದಕ್ಕೆ ಜುಟ್ಟು ಉಳಿದಿತ್ತು. ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ ಮೂರು ಗ್ರಾಮಿನ ಅಂತರ. ದ್ವಿಗ್ರಾಂಲೋಪಾಸಹಿಷ್ಣುವು ಬಹಳ ಹೊತ್ತು ತಕ್ಕಡಿಯನ್ನೇ ನೋಡಿದನು. ಆಮೇಲೆ ತಕ್ಕಡಿಯಲ್ಲೇ ಏನೋ ದೋಷವಿದೆಯೆಂದು ತೀರ್ಮಾನಿಸಿ, ಹನ್ನೊಂದನ್ನೂ ತೇರ್ಗಡೆ ಮಾಡಿದನು.

ಬಾಣಲೆಯನ್ನು ಬೂದಿಯಿಂದ ಉಜ್ಜಿ, ಹುಣಿಸೆಹುಳಿಯಿಂದ ಉಜ್ಜಿ, ಎಣ್ಣೆ ಸವರಿ ಮೊಳೆಗೆ ತೂಗುಹಾಕಿದನು. ಸಂಜೆ ಚೋಂದಮ್ಮ ಬಂದು ಮೀಸೆಗೇನಾಯಿತೆಂದು ಕೇಳಿದಾಗ, ಸ್ಟವ್ ಹಚ್ಚುವಾಗ ಬೆಂಕಿ ತಾಗಿತೆಂದು ಹೇಳಿದನು. ಅವಳು ಅರ್ಧಮೀಸೆಗೆ ತೆಂಗಿನೆಣ್ಣೆ ಹಚ್ಚಿ, ಇನ್ನರ್ಧವನ್ನು ಕತ್ತರಿಯಿಂದ ಸಮ ಮಾಡಿದಳು.

ನಡುವಿನ ದಿನಗಳಲ್ಲಿ ವೀರನಿಗೆ ಊಟ ಸೇರಲಿಲ್ಲ. ಗುರುವಿನ ಮೂರನೆಯ ಅಪ್ಪಣೆ ಈಗ ಪೂರ್ತಿಯಾಗಿ ಅರ್ಥವಾಗತೊಡಗಿತ್ತು. ಕಬ್ಬಿಣಕ್ಕೆ ಅಂಟಿದ ಸೀಸ ಉಜ್ಜಿದರೆ ಹೋಗದು, ಹುಳಿ ಬಿದ್ದರೆ ಬಿಟ್ಟುಕೊಂಡು ಅಡುಗೆಗೆ ಸೇರುತ್ತದೆ. ಪಂದಿ ಕರಿಗೋ ಕಪ್ಪನೆಯ ಕಾಚಂಪುಳಿಯನ್ನು ಹೊಯ್ಯದೆ ಮುಗಿಯುವುದಿಲ್ಲ. ಹೇಳಬೇಕೆಂದು ದಿನಕ್ಕೆ ನಾಲ್ಕು ಸಲ ಅಡುಗೆಮನೆಯ ಬಾಗಿಲಿಗೆ ಹೋದನು. ನಾಲ್ಕು ಸಲವೂ ನೀರು ಕುಡಿದು ಹಿಂದಿರುಗಿದನು.

ಹಬ್ಬದ ಬೆಳಗು ಬಂತು. ಕೋವಿಯನ್ನು ಗೋಡೆಗೆ ಒರಗಿಸಿ, ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್‌ಪೂ ಹೂವನ್ನು ಸಿಕ್ಕಿಸಿ, ಕೆಳಗೆ ಕಂಚಿನ ತಟ್ಟೆಯಲ್ಲಿ ಹನ್ನೊಂದು ಗುಂಡುಗಳನ್ನಿಟ್ಟು ಬೆಳ್ಯಪ್ಪ ಕೈಮುಗಿದನು. ಅಯ್ಯಣ್ಣನ ಸಂಸಾರ ಆಗಲೇ ಜಗಲಿಯಲ್ಲಿ ಕುಳಿತಿತ್ತು. ಒಳಗಿನಿಂದ ಹುರಿದ ಮಸಾಲೆಯ ವಾಸನೆ ಬಂತು. ಹಿಂದೆಯೇ ಮೊಳೆಯಿಂದ ಬಾಣಲೆ ಇಳಿದ ಸದ್ದು.

ಮಹಾಸಮರಗಳ ಕವಿಗಳು ಈ ಗಳಿಗೆಯನ್ನು ಹಾಡುವುದಿಲ್ಲ. ಇದರಲ್ಲಿ ರಥವಿಲ್ಲ, ಶಂಖವಿಲ್ಲ. ಅರವತ್ತಮೂರು ವರ್ಷದ ಗಂಡಸೊಬ್ಬ ದೇವರ ಮುಂದಿನಿಂದ ಎದ್ದು, ಹನ್ನೆರಡು ಹೆಜ್ಜೆ ನಡೆದು ಅಡುಗೆಮನೆಯ ಹೊಸಿಲಲ್ಲಿ ನಿಂತನು. ಬಾಣಲೆ ಒಲೆಯ ಮೇಲಿತ್ತು. ಚೋಂದಮ್ಮ ಮಾಂಸದ ಪಾತ್ರೆಯನ್ನು ಎತ್ತಿಕೊಂಡಿದ್ದಳು.

"ಅದರಲ್ಲಿ ಬೇಡ" ಎಂದನು.

"ಎಂತಕ್ಕೆ?"

"ಅದರಲ್ಲಿ ಸೀಸ ಕರಗಿಸಿದ್ದೇನೆ. ನೀನು ಅಮ್ಮತ್ತಿಗೆ ಹೋದ ದಿನ."

ಅವಳು ಪಾತ್ರೆಯನ್ನು ಕೆಳಗಿಟ್ಟಳು. ಬಾಣಲೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿದಳು. ಅಂಚಿನಲ್ಲಿ ಸಾಸಿವೆಕಾಳಿನಷ್ಟು ಬಿಳಿಯ ಚುಕ್ಕೆ ಇತ್ತು. ಅದನ್ನು ಉಗುರಿನಿಂದ ಕೆರೆದಳು.

"ಮಾಂಸ ಹಾಕಿ ಆಗಿದ್ರೆ ಹೇಳ್ತಿದ್ರಾ?"

"ಹೇಳ್ತಿದ್ದೆ" ಎಂದನು ಬೆಳ್ಯಪ್ಪ. ತ್ರಿಕಾಲವನ್ನೂ ಬಲ್ಲ ಈ ಕವಿಗೂ ಅದು ನಿಜವೇ ಎಂದು ತಿಳಿಯದು.

ಚೋಂದಮ್ಮ ಬಾಣಲೆಯನ್ನು ತಾನೇ ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಬೇಲಿಯ ಬುಡದಲ್ಲಿ ಮಗುಚಿಟ್ಟು ಬಂದಳು. ಆಮೇಲೆ ಪಕ್ಕದ ಮನೆಯಿಂದ ದೊಡ್ಡ ಅಲ್ಯೂಮಿನಿಯಂ ಪಾತ್ರೆ ತಂದು ಒಲೆಗಿಟ್ಟಳು. ಅಡಿ ಹಿಡಿಯಿತು. ಅಯ್ಯಣ್ಣ ಮೂರು ಸಲ ಬಡಿಸಿಕೊಂಡು, ಅಕ್ಕನ ಕೈರುಚಿಯೇ ಬೇರೆ ಎಂದ. ಗಂಡಹೆಂಡಿರಿಬ್ಬರೂ ತಲೆ ಎತ್ತದೆ ಉಂಡರು.

ಮಧ್ಯಾಹ್ನ ಮೈದಾನದಲ್ಲಿ ಮೈಕು ಗರ್ಜಿಸಿತು. ಅಜ್ಜನ ಕೋವಿಯನ್ನು ಹೆಗಲಿಗೇರಿಸಿ, ಹನ್ನೊಂದು ಗುಂಡುಗಳನ್ನು ಜೇಬಿನಲ್ಲಿ ಗಲಗಲಿಸುತ್ತಾ, ಒಂದು ಮಗ್ಗುಲಿಗೆ ವಾಲಿ ನಡೆಯುತ್ತಾ ವೀರನು ರಂಗವನ್ನು ಪ್ರವೇಶಿಸಿದನು. ಹೆಸರು ಬರೆಯುತ್ತಿದ್ದ ಕಾರ್ಯಕರ್ತ ಈ ವರ್ಷದ ಹೊಸ ನಿಯಮವನ್ನು ತಿಳಿಸಿದ. ಎಲ್ಲರಿಗೂ ಸ್ಪರ್ಧೆ ನಡೆಸುವ ಸಂಘದ ಒಂದೇ ಕೋವಿ, ಸಂಘದವರು ಕೊಡುವ ಗುಂಡು. ಮನೆಯಿಂದ ತಂದದ್ದು ಯಾವುದೂ ನಡೆಯುವುದಿಲ್ಲ.

ಆಗ ಬೆಳ್ಯಪ್ಪನ ಹೃದಯದಲ್ಲಿ ಎದ್ದ ಮಾತು ಹೀಗಿತ್ತು: ಎಲೈ ಮಂದಮತಿಗಳಿರಾ, ಅಗ್ನಿಯನ್ನು ಪಳಗಿಸಿದವನು ನಾನು, ಮೀಸೆಯನ್ನು ಆಹುತಿ ಕೊಟ್ಟವನು ನಾನು, ಹೆಂಡತಿಯ ಕಣ್ಣೆದುರು ನಿಂತು ಸತ್ಯವನ್ನು ನುಡಿದವನು ನಾನು, ನನ್ನ ಗುಂಡನ್ನು ಬೇಡವೆನ್ನುವ ಎದೆಗಾರಿಕೆ ಈ ಭೂಮಂಡಲದಲ್ಲಿ ಯಾರಿಗಿದೆ? ಬಾಯಿಂದ ಹೊರಟದ್ದು ಇಷ್ಟು: "ನಾನೇ ಎರಕ ಹೊಯ್ದದ್ದು."

ಕಾರ್ಯಕರ್ತ ಒಂದನ್ನು ತೆಗೆದು ನೋಡಿ, "ಚೆನ್ನಾಗಿದೆ ಸಾರ್, ಜೇಬಲ್ಲೇ ಇಟ್ಕೊಳ್ಳಿ" ಎಂದ.

ಸಂಘದ ಗುಂಡುಗಳು ಕಾರ್ಖಾನೆಯಿಂದ ಬಂದವು, ಒಂದಕ್ಕೊಂದು ಕೂದಲೆಳೆಯ ಅಂತರವೂ ಇಲ್ಲದವು. ಬೆಳ್ಯಪ್ಪ ಮೂರು ಹೊಡೆದನು. ಮೊದಲನೆಯದು ಒಂದು ಎಲೆಯನ್ನು ಉದುರಿಸಿತು. ಉಳಿದೆರಡು ಏನನ್ನೂ ಉದುರಿಸಲಿಲ್ಲ. ತೂಕವನ್ನು ದೂರುವ ದಾರಿಯೂ ಈ ಸಲ ಇರಲಿಲ್ಲ. ಅಯ್ಯಣ್ಣನ ಗುರಿಯೂ ತಪ್ಪಿತು. ಸಂಜೆಯಾಗುವಾಗ ಸೋಮವಾರಪೇಟೆಯ ಕಡೆಯಿಂದ ಬಂದಿದ್ದ, ಯಾರಿಗೂ ಪರಿಚಯವಿಲ್ಲದ ಡ್ರಾಯಿಂಗ್ ಮೇಷ್ಟ್ರೊಬ್ಬರು ಕಾಯಿ ಒಡೆದು, ಬಹುಮಾನದ ಸ್ಟೀಲ್ ಬಕೆಟ್ ಹಿಡಿದುಕೊಂಡು ಬಸ್ಸು ಹತ್ತಿದರು.

ಹಿಂದಿರುಗುವ ದಾರಿಯಲ್ಲಿ ಅಯ್ಯಣ್ಣ ಒಂದು ಗುಂಡು ಕೇಳಿ ಪಡೆದು ಅಂಗೈಯಲ್ಲಿ ಆಡಿಸಿದ. ಏನೋ ಹೇಳಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ, "ಭಾರ ಇದೆ ಭಾವ" ಎಂದಷ್ಟೇ ಹೇಳಿ ಅದನ್ನು ವಾಪಸು ಕೊಟ್ಟ.

ಮರುದಿನ ಬೆಳ್ಯಪ್ಪ ಪೇಟೆಗೆ ಹೋಗಿ ಹೊಸ ಕಬ್ಬಿಣದ ಬಾಣಲೆ ತಂದನು. ಅದಕ್ಕೆ ಕೊಟ್ಟ ಹಣದಲ್ಲಿ ಹತ್ತು ವರ್ಷಕ್ಕೆ ಸಾಲುವಷ್ಟು ಗುಂಡುಗಳು ಅಂಗಡಿಯಲ್ಲೇ ಸಿಗುತ್ತಿದ್ದವು. ಹೊಸ ಬಾಣಲೆ ಬೂದುಬಣ್ಣದ್ದು, ಒರಟು. ಅದು ಪಳಗುವವರೆಗೆ ಪಂದಿ ಕರಿ ಇಲ್ಲವೆಂದು ಚೋಂದಮ್ಮ ಹೇಳಿದಳು. ತಾನು ಪಳಗಿಸುವುದಿಲ್ಲವೆಂದೂ ಹೇಳಿದಳು. ಅಂದಿನಿಂದ ತುಲಾದಂಡಧರನು ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಹಿತ್ತಿಲಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಬಾಣಲೆಯನ್ನು ಕಾಯಿಸಿ, ಬಟ್ಟೆಯಿಂದ ಎಣ್ಣೆ ಸವರಿ, ಆರಿಸಿ, ಮತ್ತೆ ಕಾಯಿಸುತ್ತಿದ್ದಾನೆ. ನಲವತ್ತನೆಯ ದಿನ ಅವಳು ಬಂದು ಬೆರಳಾಡಿಸಿ ನೋಡಿದಳು. "ಇನ್ನೂ ಇಲ್ಲ" ಎಂದಳು. ಆದರೆ ಪಕ್ಕದಲ್ಲಿ ಕುಳಿತು, ಎಣ್ಣೆ ಹೆಚ್ಚಾಯಿತೆಂದು ಬಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡಳು.

ಈ ಗಾಥೆಯನ್ನು ಕೇಳಿದವರಿಗೆ ಪುಣ್ಯ ಬರುವುದೆಂದು ನಾನು ಹೇಳಲಾರೆ. ಹಾಡಿದ ನನಗೇ ಬಂದಿಲ್ಲ. ಗುಂಡುಗಳ ಕಥೆ ಮಾತ್ರ ಉಳಿದಿದೆ. ಆ ತಿಂಗಳು ಕಾಡುಬೆಕ್ಕು ಎರಡು ಕೋಳಿಗಳನ್ನು ಒಯ್ದಿತು, ಗೂಡಿನ ಬಾಗಿಲು ಎಷ್ಟು ದೂಡಿದರೂ ಮುಚ್ಚಿ ನಿಲ್ಲುತ್ತಿರಲಿಲ್ಲ. ಚೋಂದಮ್ಮ ಹನ್ನೊಂದು ಗುಂಡುಗಳನ್ನೂ ಗಂಡನ ಒಂಟಿ ಕಾಲುಚೀಲಕ್ಕೆ ತುಂಬಿ, ಹಗ್ಗ ಕಟ್ಟಿ, ಬಾಗಿಲಿನ ಹಿಂದೆ ಇಳಿಬಿಟ್ಟಳು.

ಬಾಗಿಲು ಈಗ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.