ಗಾಡಿಯ ಬಾಗಿಲಿಗೆ ಬಿಜಾಗರಿ

ಎಲ್ಲರೂ ಮಾಡುವ ಕೆಲಸ ನಾನು ಮಾಡಿದರೂ ಅದು ನಗೆಪಾಟಲಾಗುತ್ತದೆ. ಯಾರೂ ಮಾಡದ ಕೆಲಸಕ್ಕೆ ಕೈ ಹಾಕಿದರೆ ಕೇಳುವುದೇ ಬೇಡ. ಮುಂಬಯಿಯ ಚೆಂಬೂರಿನ ಕೋಣೆಯಲ್ಲಿ ಒಬ್ಬನೇ ಭಾನುವಾರ ಕಳೆದು ಕಳೆದು ಸಾಕಾಗಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದ ಹಳೆಯ ಜೀಪ್ ಟ್ರೇಲರೊಂದನ್ನು ಕೊಂಡು, ಮೇಲೆ ಹಲಗೆಯ ಪುಟ್ಟ ಕೋಣೆ ಕಟ್ಟಿದೆ. ಯಾರದಾದರೂ ಕಾರಿಗೆ ಸಿಕ್ಕಿಸಿಕೊಂಡು ಹೋಗಿ ಬಯಲಲ್ಲಿ ಬಿಡಾರ ಹೂಡಬಹುದು. ಒಳಗೆ ನಾಲ್ಕು ಜನಕ್ಕೆ ಬೆಂಚು. ಆ ನಾಲ್ವರು ಯಾರೆಂದು ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದೆ.

೧. ದಾದರಿನ ಅಂಗಡಿ

ಗಾಡಿಯ ಪಕ್ಕದ ಬಾಗಿಲು ತಿರುಗಲು ಬಿಜಾಗರಿ ಬೇಕಿತ್ತು. ಅಂಗಡಿಯವನು ಹಿತ್ತಾಳೆಯ ದಪ್ಪ ಜೋಡಿ ತೋರಿಸುತ್ತ, “ಎಷ್ಟು ಜನ ಓಡಾಡೋ ಬಾಗಿಲು?” ಎಂದ.

“ನಾನೊಬ್ಬನೇ.”

ಹಿತ್ತಾಳೆಯದನ್ನು ಒಳಗಿಟ್ಟು, ಟ್ರಂಕಿಗೆ ಹಾಕುವ ತಗಡಿನ ಜೋಡಿಯನ್ನು ಮುಂದೆ ತಳ್ಳಿದ. “ಒಬ್ಬರಿಗೆ ಇದು ಸಾಕು.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಾಲ್ಕು ಜನ ಬರೋರಿದ್ದಾರೆ!”

“ಯಾರು?”

“ಇನ್ನೂ ಗೊತ್ತಿಲ್ಲ. ಹಿತ್ತಾಳೆಯದೇ ಕೊಡು.”

೨. ಹಿಡಿಯುವ ಕೈ

ಒಂದು ಕೈ ಬಾಗಿಲಿಗೆ, ಒಂದು ಸ್ಕ್ರೂಗೆ, ಇನ್ನೊಂದು ತಿರುಪಲಿಕ್ಕೆ. ದೇವರು ಕೊಟ್ಟದ್ದು ಎರಡೇ. ಬಿಲ್ಡಿಂಗಿನ ಮಂದಿಯೆಲ್ಲ ಸುತ್ತ ನಿಂತಿದ್ದರು. ಬೆಳಗಾವಿಯ ಕಾಕಾ, “ಮುಂದಿನ ಅಂಚಿಗೆ ಹಚ್ಚೋ ತಮ್ಮಾ” ಎಂದರು. ಮೇಲಿನ ಕಿಟಕಿಯಿಂದ ಅವರ ಹೆಂಡತಿ ಕಾಕೂ, “ಹಿಂದ ಹಚ್ಚಿದ್ರ ಚಂದ ಕಾಣ್ತದ” ಎಂದರು.

“ಯಾರಾದ್ರೂ ಒಂಚೂರು ಬಾಗಲಾ ಹಿಡೀರಿ” ಎಂದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಂಗಳ ಖಾಲಿ.

ತಲೆಯಿಂದ ಬಾಗಿಲನ್ನು ಒತ್ತಿಹಿಡಿದು, ತಲೆಗೆ ಹತ್ತಿರವಿದ್ದ ಹಿಂದಿನ ಅಂಚಿಗೇ ಬಿಜಾಗರಿ ಕೂಡಿಸಿದೆ. ಆಗ ಕಾಕಾ ಮತ್ತೆ ಬಂದರು. “ಛಲೋ ಆತು ನೋಡು. ಎಲ್ಲಾರೂ ಕೂಡಿದ್ರ ಎಂಥಾ ಕೆಲಸಾನೂ ಆಗ್ತದ!”

೩. ಮುಲುಂಡ್ ಪ್ರಯಾಣ

ಆಫೀಸಿನಲ್ಲಿ ಕಂಡಕಂಡವರನ್ನೆಲ್ಲ ಕರೆದೆ. ಒಬ್ಬರಿಗೆ ಉಪವಾಸ, ಒಬ್ಬರಿಗೆ ನೆಂಟರು. ಬಹಳ ಬೇಸರವಾಯಿತು. ಕಾರಿದ್ದ ಮೈಸೂರಿನ ಸಹೋದ್ಯೋಗಿ ಮಾತ್ರ, “ಮುಲುಂಡಿನ ಗುಡ್ಡದ ಹತ್ರ ಬಿಟ್ಟು, ಮಾವನ ಮನೇಲಿ ಊಟ ಮಾಡಿ, ಸಂಜೆ ಬರ್ತೀನಿ” ಎಂದರು. ಗಾಡಿ ನೋಡಿ, “ಬಿಜಾಗರಿ ಹಿಂದಕ್ಕೆ ಹಾಕಿದೀರಲ್ರೀ, ಗಾಳಿಗೆ ಬಾಗಿಲು ತೆರ್ಕೊಳ್ಳತ್ತೆ” ಎಂದೂ ಹೇಳಿದರು. ಬಾಗಿಲಿಗೆ ಹಗ್ಗ ಬಿಗಿದು ಹೊರಟೆವು.

ದಾರಿಯಲ್ಲಿ ರೈಲ್ವೆ ಗೇಟು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಅಷ್ಟರಲ್ಲಿ ಹಗ್ಗ ಹರಿದು ಬಾಗಿಲು ತೆರೆದಿತ್ತೆಂಬುದು ಮುಂದೆ ಕೂತ ನಮಗೆ ಗೊತ್ತೇ ಆಗಲಿಲ್ಲ. ಮುಲುಂಡಿನಲ್ಲಿ ಇಳಿದು ನೋಡಿದರೆ, ಬೆಂಚಿನ ಮೇಲೆ ಬುಟ್ಟಿ ಹಿಡಿದ ಮರಾಠಿ ಅಜ್ಜಿ, ಅವಳ ಸೊಸೆ, ಇಬ್ಬರು ಗಿರಣಿ ಕೆಲಸಗಾರರು. ಇನ್ನೊಬ್ಬ ಸೂರು ಹಿಡಿದು ನಿಂತಿದ್ದ. ಬಾಗಿಲು ತೆರೆದ ಗಾಡಿ ನಿಂತಿದ್ದರೆ ಮುಂಬಯಿಯವರು ಕೇಳಿ ಹತ್ತುತ್ತಾರೆಯೇ?

“ನಾಳೇನೇ ಬಿಜಾಗರಿ ಬದಲಾಯಿಸ್ರೀ” ಎಂದರು ಸಹೋದ್ಯೋಗಿ.

ನನ್ನ ಬೆಂಚು ತುಂಬಿತ್ತು. ಸ್ಟವ್ ಹಚ್ಚಿ ಎಲ್ಲರಿಗೂ ಚಹಾ ಕೊಟ್ಟೆ. ಅಜ್ಜಿ ಕುಡಿದು, ಬುಟ್ಟಿ ಹೊತ್ತು, ಮರಾಠಿಯಲ್ಲಿ ಕೇಳಿದಳು: “ವಾಪಸ್ ಹೋಗೋ ಬಸ್ಸು ಎಷ್ಟೊತ್ತಿಗಪ್ಪಾ?”

“ಸಂಜೆಗೆ, ಆಜಿ. ನೀವು ಬರೋತನಕ ಬಿಡೋದಿಲ್ಲ” ಎಂದೆ.