ಮೂವತ್ತು ಅಂಗುಲದ ಹೆಜ್ಜೆ

ಬೇರೆಯವರ ಕೈಯಲ್ಲಿರುವ ಸಾಮಾನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಆಸೆಬುರುಕತನ ಎಂದುಕೊಳ್ಳಬೇಡಿ. ಆ ಸಾಮಾನು ನನಗೆ ಬೇಕೆಂದಲ್ಲ. ಅದನ್ನು ಒಮ್ಮೆ ತಿರುಗಿಸಿ, ಬಿಚ್ಚಿ, ಮುಚ್ಚಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು, ಅಷ್ಟೆ. ನಾನು ನೋಡಿದ ಮೇಲೂ ಅದು ಕೆಲಸ ಮಾಡುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಒಮ್ಮೆ ಕ್ಷೌರದ ಮುನಿಸ್ವಾಮಿ ನನ್ನ ತಲೆಯನ್ನು ಅರ್ಧಕ್ಕೆ ಬಿಟ್ಟು ನೀರು ತರಲು ಎದ್ದು ಹೋದ. ಅವನು ಬರುವಷ್ಟರಲ್ಲಿ ಅವನ ಕಟಿಂಗ್ ಮಿಷನ್ನಿನ ತಿರುಪು ಬಿಚ್ಚಿದ್ದೆ. ತಿರುಪಿನ ಹಿಂದೆ ಒಂದು ಸ್ಪ್ರಿಂಗ್ ಇದ್ದ ವಿಷಯ ಅದು ಬೀದಿಗೆ ಹಾರಿದ ಮೇಲೆ ತಿಳಿಯಿತು. ಆ ವಾರವೆಲ್ಲ ಕಚೇರಿಯಲ್ಲೂ ಮನೆಯಲ್ಲೂ ಪೇಟ ಬಿಚ್ಚಲಿಲ್ಲ. “ನಿಮ್ ಕೈಗೆ ಒಂದು ಕೊಟ್ರೆ ವಾಪಸ್ಸು ಬರುವಾಗ ಎರಡಾಗಿ ಬರ್ತದೆ ಕಣ್ರೀ” ಎಂದು ನನ್ನ ಹೆಂಡತಿ ಲಕ್ಷ್ಮೀದೇವಿ ಹೇಳುತ್ತಿದ್ದಳು. ಅದು ಹೊಗಳಿಕೆಯಲ್ಲ ಎಂದು ನನಗೂ ಗೊತ್ತಿತ್ತು.

ನಾನು ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಳೆಯ ಕಡತಗಳ ಕೋಣೆ ನನ್ನ ವಶದಲ್ಲಿತ್ತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಸಾಲು. ಇಷ್ಟು ಸಾಲುಗಳಲ್ಲಿ ನಿಂತು ಅಭ್ಯಾಸವಾಗಿರುವ ಗುಮಾಸ್ತರು ಮಿಲಿಟರಿ ಸಾಲಿನಲ್ಲೂ ಏಕೆ ನಿಲ್ಲಬಾರದು ಎಂದು ನಮ್ಮ ಅಮಲ್ದಾರರಿಗೆ ಹೊಳೆಯಿತು. ಕೋಲಾರದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರೆದುರು ಹದಿನಾರು ಜನ ಗುಮಾಸ್ತರು ಕವಾಯತು ಮಾಡಿ ತೋರಿಸಬೇಕೆಂದು ಹುಕುಂ ಆಯಿತು. ನನ್ನ ಕಾಲು ಗಿಡ್ಡ, ಹೊಟ್ಟೆ ಉದಾರ. ಎರಡನ್ನೂ ತೋರಿಸಿ ಬೇಡಿಕೊಂಡೆ. “ಹಿಂದಿನ ಸಾಲಲ್ಲಿ ನಿಂತ್ಕೊಳ್ರೀ” ಎಂದರು ಅಮಲ್ದಾರರು.

ನಮಗೆ ಕವಾಯತು ಕಲಿಸಲು ಬಂದವರು ಹವಾಲ್ದಾರ್ ಮಹಬೂಬ್ ಸಾಹೇಬರು. ಹಿಂದಿನ ಮಹಾಯುದ್ಧದಲ್ಲಿ ಬಸ್ರಾದವರೆಗೆ ಹೋಗಿ ಬಂದು, ಪಿಂಚಣಿ ಪಡೆದು ಊರಲ್ಲಿದ್ದವರು. ಬಿಳಿಯ ಮೀಸೆ, ಇಸ್ತ್ರಿ ಮುರಿಯದ ಖಾಕಿ. ಕಂಕುಳಲ್ಲಿ ಕರಿಮರದ ಒಂದು ಕೋಲು; ಅದರ ತಲೆಗೂ ತುದಿಗೂ ಹಿತ್ತಾಳೆ. ಮೊದಲ ದಿನ ಅದನ್ನು ಹೊಡೆಯುವ ಕೋಲೆಂದು ತಿಳಿದು ಮೊದಲ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿದರು. ಸಾಹೇಬರು ನಕ್ಕು, ಕೋಲಿನ ತಲೆ ಹಿಡಿದು ಅದನ್ನು ಎರಡಾಗಿ ತೆರೆದರು. ಶಾಲೆಯ ಪೆಟ್ಟಿಗೆಯ ಕೈವಾರವನ್ನು ಸೊಂಟದೆತ್ತರ ಮಾಡಿದಂತೆ ಅದಕ್ಕೆ ಎರಡು ಕಾಲು! ಕಾಲುಗಳ ನಡುವೆ ಒಂದು ಹಿತ್ತಾಳೆ ಪಟ್ಟಿ, ಪಟ್ಟಿಗೆ ಒಂದು ಕಚ್ಚು. ಕಚ್ಚಿಗೆ ಕೊಂಡಿ ಸಿಕ್ಕಿಸಿದರೆ ಎರಡು ತುದಿಗಳ ನಡುವೆ ಸರಿಯಾಗಿ ಮೂವತ್ತು ಅಂಗುಲ. ಸಿಪಾಯಿಯ ಹೆಜ್ಜೆ ಎಂದರೆ ಅಷ್ಟು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. “ಇದು ಪೇಸ್ ಸ್ಟಿಕ್. ಇದು ಹೊಡೆಯಲ್ಲ ಸ್ವಾಮಿ. ಬರೀ ಹೇಳ್ತದೆ” ಎಂದರು.

ಆಮೇಲೆ ಅವರು ನಡೆದು ತೋರಿಸಿದರು. ಅದನ್ನು ನೀವು ನೋಡಬೇಕಿತ್ತು. ಒಂದೇ ಕೈಯಲ್ಲಿ ಕೋಲಿನ ತಲೆ ಹಿಡಿದು, ಮಣಿಕಟ್ಟನ್ನಷ್ಟೇ ತಿರುವುತ್ತ, ಒಂದು ಕಾಲು ನೆಲಕ್ಕೆ ತಾಗುತ್ತಿದ್ದಂತೆ ಇನ್ನೊಂದು ಕಾಲು ಸುತ್ತಿ ಮುಂದೆ ಬರುವಂತೆ ಕೋಲನ್ನೇ ನಡೆಸುತ್ತಿದ್ದರು. ಟಕ್, ಟಕ್, ಟಕ್. ಕೋಲಿನ ತುದಿ ಬಿದ್ದ ಗೆರೆಯಲ್ಲೇ ಅವರ ಬೂಟಿನ ಹಿಮ್ಮಡಿ ಬೀಳುತ್ತಿತ್ತು. ದೃಷ್ಟಿ ಮಾತ್ರ ನೇರ ಮುಂದೆ, ಊರಾಚೆಯ ಬೆಟ್ಟದ ಮೇಲೆ. ಬಾಯಿ ತೆರೆದುಕೊಂಡು ನಿಂತೆ. ಆ ಕೋಲು ಅವರಿಗೆ ಕವಾಯತು ಕಲಿಸಿದ ಉಸ್ತಾದರದಂತೆ. ಆ ಉಸ್ತಾದರಲ್ಲಿ ಒಂದು ನೇಮವಿತ್ತು. ತನ್ನ ಹೆಜ್ಜೆ ಕೋಲಿಗೆ ಸರಿಹೋಗದೆ ಹಿಂದೆ ಬೀಳತೊಡಗಿದ ದಿನ ಉಸ್ತಾದ ಕೋಲನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕವಾಯತು ಬಿಟ್ಟು, ಮನೆ ಸೇರಬೇಕು. ಉಸ್ತಾದರು ಹಾಗೆಯೇ ಕೊಟ್ಟಿದ್ದರು. “ನನ್ನ ಕಾಲು ಇನ್ನೂ ಮೂವತ್ತೇ” ಎಂದು ಸಾಹೇಬರು ಮೀಸೆ ಸವರಿಕೊಂಡರು. ತಪಾಸಣೆ ಚೆನ್ನಾಗಿ ಆದರೆ ಕೋಲಾರದಲ್ಲಿ ಹೊಸದಾಗಿ ಸೇರುವವರಿಗೆ ಕವಾಯತು ಕಲಿಸುವ ಕೆಲಸ ಅವರಿಗೇ ಎಂದು ಅಮಲ್ದಾರರು ಮಾತು ಕೊಟ್ಟಿದ್ದರು. ಸಾಹೇಬರು ದಿನಕ್ಕೊಮ್ಮೆಯಾದರೂ ಆ ಮಾತು ಎತ್ತದೆ ಇರುತ್ತಿರಲಿಲ್ಲ.

ಹೀಗಿರುವಾಗ ಸಾಹೇಬರು ತಂಗಿಯ ಮಗಳ ಮದುವೆಗೆಂದು ಮೂರು ದಿನ ಮಾಲೂರಿಗೆ ಹೊರಟರು. ಮದುವೆಮನೆಯಲ್ಲಿ ಯಾರಾದರೂ ಕೋಲು ಮುಟ್ಟಿಬಿಟ್ಟಾರೆಂಬ ಭಯ ಅವರಿಗೆ. ಆದ್ದರಿಂದ ಅದನ್ನು ಕಡತದ ಕೋಣೆಯಲ್ಲಿಟ್ಟು, “ಶೀನಪ್ಪನೋರೇ, ಇದು ನಿಮ್ ಜವಾಬ್ದಾರಿ” ಎಂದು ನನಗೇ ಒಪ್ಪಿಸಿ ಹೋದರು. ಇಡೀ ಊರಿನಲ್ಲಿ ನನ್ನನ್ನೇ ಆರಿಸಿಕೊಂಡ ಅವರ ದುರದೃಷ್ಟಕ್ಕೆ ನಾನೇನು ಮಾಡಲಿ? ಅದೇ ಸಂಜೆ ಕೋಲು ನನ್ನ ಮನೆಯಲ್ಲಿತ್ತು. ಮನೆಯ ಬಾಗಿಲಿನಿಂದ ಬಾವಿಗೆ ಹದಿನೇಳು ಸಿಪಾಯಿ ಹೆಜ್ಜೆ. ಲಕ್ಷ್ಮೀದೇವಿಯ ಹೆಜ್ಜೆ ಸಮಾಧಾನದಲ್ಲಿದ್ದಾಗ ಹದಿನೆಂಟು ಅಂಗುಲ, ನನ್ನ ಮೇಲೆ ಸಿಟ್ಟು ಬಂದಾಗ ಇಪ್ಪತ್ತಾರು. ಇದನ್ನು ಅಳೆಯಲು ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಪಕ್ಕದ ಮನೆಯ ಎಮ್ಮೆಯ ಹೆಜ್ಜೆಯನ್ನು ಅಳೆಯಲು ಎಮ್ಮೆ ಒಪ್ಪಲಿಲ್ಲ. ಕೊನೆಗೆ ನಮ್ಮ ಬೀದಿಯ ಚರಂಡಿಯ ಅಗಲ ನೋಡೋಣವೆಂದು ಕೋಲನ್ನು ಇನ್ನೂ ಸ್ವಲ್ಪ ಅಗಲಿಸಿದೆ. ಅದು ಒಲ್ಲೆನೆಂದಿತು. ನಾನು ಸ್ವಲ್ಪ ಒತ್ತಾಯ ಮಾಡಿದೆ. ಪಟ್ಟಿಯ ಕಚ್ಚು ಇದ್ದ ಕಡೆ ಹಿತ್ತಾಳೆ ಕಿತ್ತು ಬಂತು.

“ಮನೇಲಿ ಮುರಿಯೋಕೆ ಇನ್ನೇನೂ ಉಳೀಲಿಲ್ಲ ಅಂತ ಊರೋರ್ದು ತಂದ್ರಾ?” ಎಂದಳು ಲಕ್ಷ್ಮೀದೇವಿ. ಕೋಲನ್ನು ಪಂಚೆಯಲ್ಲಿ ಸುತ್ತಿಕೊಂಡು ವೀರಾಚಾರಿಯ ಬಳಿಗೆ ಓಡಿದೆ. ವೀರಾಚಾರಿ ದೇವಸ್ಥಾನದ ಬಾಗಿಲು ಮಾಡುವ ಮನೆತನದವನು. ಮರವೂ ಬಲ್ಲ, ಹಿತ್ತಾಳೆಯೂ ಬಲ್ಲ; ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಎಷ್ಟು ಅಂಗುಲಕ್ಕೆ ಕಚ್ಚು ಹಾಕಬೇಕೆಂದು ಕೇಳಿದ. ಮೂವತ್ತು ಎಂದೆ. ಅವನು ಬೆರಳು ಮಡಿಸಿ ಏನೋ ಲೆಕ್ಕ ಹಾಕಿ, ಹುಬ್ಬು ಗಂಟಿಕ್ಕಿ, “ಸರಿ ಬಿಡ್ರಿ, ನಾನು ನೋಡ್ಕೋತೀನಿ” ಎಂದ. ಎರಡನೆಯ ದಿನಕ್ಕೆ ಹೊಸ ಪಟ್ಟಿ ಹಾಕಿ, ಹುಣಸೆಹಣ್ಣಿನಲ್ಲಿ ಉಜ್ಜಿ ಕೊಟ್ಟ. ಮಾಲೂರಿನಿಂದ ಬಂದ ಸಾಹೇಬರು ಮಿರುಗುವ ಹಿತ್ತಾಳೆ ನೋಡಿ ಕಣ್ಣರಳಿಸಿದರು. “ಅರೆ ವಾಹ್! ಪಟ್ಟೀನೂ ಬಿಡದೆ ಉಜ್ಜಿದೀರಾ! ಇಷ್ಟು ಪ್ರೀತಿ ಯಾರಿಗಿದೆ?” ನಾನು ವಿನಯದಿಂದ ತಲೆ ತಗ್ಗಿಸಿದೆ. ಸುಳ್ಳು ಹೇಳಲಿಲ್ಲ ನೋಡಿ. ಬರೀ ತಲೆ ತಗ್ಗಿಸಿದೆ.

ಮಾರನೆಯ ದಿನದಿಂದಲೇ ಸಾಹೇಬರ ನಡಿಗೆ ಕೆಟ್ಟಿತು. ಹತ್ತು ಹೆಜ್ಜೆ ಸರಿಯಾಗಿ ಹೋಗುವರು. ಹನ್ನೊಂದರಲ್ಲಿ ಕೋಲು ಮುಂದೆ, ಹಿಮ್ಮಡಿ ಹಿಂದೆ. ನಿಂತು, ಕಾಲು ಕೊಡವಿ, ಮತ್ತೆ ಮೊದಲಿನಿಂದ ಹೊರಡುವರು. ಅವರೊಂದಿಗೆ ನಾವೂ ತೊಡೆ ಚಾಚಿ ಚಾಚಿ ಏದುಸಿರು ಬಿಟ್ಟೆವು. ಮೀಸೆ ಸವರುವುದು ನಿಂತಿತು. ಕೋಲಾರದ ಮಾತೂ ನಿಂತಿತು. ನಮ್ಮ ಮನೆ ಕಚೇರಿಯೆದುರಿನ ಕವಾಯತು ಮೈದಾನದ ಅಂಚಿನಲ್ಲೇ ಇತ್ತು. ಬೆಳಗ್ಗೆ ಬೇವಿನಕಡ್ಡಿ ಅಗಿಯುತ್ತ ನಿಂತರೆ, ಸಾಹೇಬರು ನಮಾಜು ಮುಗಿಸಿ ಬಂದು ಒಬ್ಬರೇ ಆ ತುದಿಯಿಂದ ಈ ತುದಿಗೆ ನಡೆಯುವುದು ಕಾಣಿಸುತ್ತಿತ್ತು. ವಯಸ್ಸಾಯಿತು ಪಾಪ ಎಂದುಕೊಂಡು ಬಾಯಿ ಮುಕ್ಕಳಿಸುತ್ತಿದ್ದೆ. ಹೀಗೆ ಒಂದು ತಿಂಗಳು ಕಳೆಯಿತು. ತಪಾಸಣೆಗೆ ಇನ್ನು ಒಂದು ವಾರ ಉಳಿದಿತ್ತು.

ಆ ಶುಕ್ರವಾರ ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದರು. “ಶೀನಪ್ಪನೋರೇ, ನನ್ ಕಾಲು ಮುಗೀತು. ಸೋಮವಾರ ಅಮಲ್ದಾರರಿಗೆ ಹೇಳಿ ಬಿಟ್ಬಿಡ್ತೀನಿ. ಕೋಲಾರಕ್ಕೆ ಬೇರೆ ಯಾರಾದ್ರೂ ಹೋಗ್ಲಿ. ಆದ್ರೆ ಕೋಲು ನಿಮಗೇ ಕೊಡ್ತೀನಿ. ನಿಮ್ಗೆ ನಡೆಯೋಕೆ ಬರಲ್ಲ, ಅದು ಗೊತ್ತು. ಆದ್ರೆ ಇದರ ಮೇಲೆ ಪ್ರೀತಿ ಇರೋದು ನಿಮಗೊಬ್ರಿಗೇ” ಎಂದು ಕೋಲನ್ನು ನನ್ನ ಮೇಜಿನ ಮೇಲಿಟ್ಟು ಮಸೀದಿಗೆ ಹೋದರು. ಬೇರೆಯವರ ಸಾಮಾನು ಬೇಡವೇ ಬೇಡ ಎಂದು ನನಗೆ ಅನ್ನಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಆದರೂ ಕೈ ಕೇಳಬೇಕಲ್ಲ! ಸರ್ವೆಯವರ ಮೂರಡಿ ಅಳತೆಪಟ್ಟಿ ಪಕ್ಕದಲ್ಲೇ ಬಿದ್ದಿತ್ತು. ಕೋಲು ತೆರೆದು, ಕೊಂಡಿ ಸಿಕ್ಕಿಸಿ, ಸುಮ್ಮನೆ ಅಳೆದೆ. ಮೂವತ್ತೊಂದು. ಮತ್ತೊಮ್ಮೆ ಅಳೆದೆ. ಆಗಲೂ ಮೂವತ್ತೊಂದೇ.

ಕೋಲು ಹಿಡಿದುಕೊಂಡೇ ವೀರಾಚಾರಿಯ ಅಂಗಳಕ್ಕೆ ಹೋಗಿ ಕೂಗಾಡಿದೆ. ಅವನು ಉಳಿ ಕೆಳಗಿಡಲಿಲ್ಲ. “ಅದೇಂಟಿ ಸ್ವಾಮಿ ಹಂಗಂತೀರಾ? ಮೂವತ್ನ ಎಂಟ್ರಲ್ಲಿ ಭಾಗ್ಸಿ. ಎಷ್ಟು ಉಳೀತದೆ? ಆರು. ಆರು ಅಂದ್ರೆ ಖರಾಯ, ಅಶುಭ. ಕತ್ತೆ ಆಯ! ನಮ್ ತಾತನ ಕಾಲ್ದಿಂದ ಒಂದು ಬಾಗ್ಲನ್ನಾಗ್ಲಿ, ಮಂಚಾನಾಗ್ಲಿ ಆಯ ನೋಡ್ದೆ ಮಾಡಿಲ್ಲ. ಯುದ್ಧದ ಕೋಲು, ಕತ್ತೆ ಆಯದಲ್ಲಿ ನಾನು ಮಾಡ್ಲಾ? ಒಂದಂಗುಲ ಸೇರಿಸ್ದೆ. ಏಳು ಉಳೀತು. ಗಜಾಯ, ಶುಭ. ಆನೆ!” ಸರ್ಕಾರದ ಸೈನ್ಯವೆಲ್ಲ ಮೂವತ್ತರಲ್ಲೇ ನಡೆಯುವುದಪ್ಪ ಎಂದೆ. “ಅಟ್ಲನಾ? ಅದಕ್ಕೇ ಯುದ್ಧ ಇನ್ನೂ ಮುಗೀತಿಲ್ಲ” ಎಂದ. ನಾನು ಕೋಲಿನೊಂದಿಗೆ ಕಚೇರಿಗೆ ಹಿಂದಿರುಗಿದೆ.

ಮಸೀದಿಯಿಂದ ಹಿಂದಿರುಗಿದ ಸಾಹೇಬರಿಗೆ, “ನಿಮ್ಮ ಕಾಲು ಸರಿಯಾಗಿದೆ ಸಾಹೇಬ್ರೇ, ಕೋಲೇ ತಪ್ಪು” ಎಂದೆ. ಅಷ್ಟರಲ್ಲೇ ಮುಗಿದುಹೋಗುತ್ತದೆ, ತಪ್ಪನ್ನು ಕೋಲಿನ ಮೇಲೆ ಹಾಕಿ ಪಾರಾಗಬಹುದು ಎಂಬ ಆಸೆ ನನಗೆ. ಅವರ ಮುಖ ಕೆಂಪಾಯಿತು. “ಹಾಗನ್ಬೇಡಿ. ಕಾಲು ಸುಳ್ಳು ಹೇಳ್ತದೆ, ಕೋಲು ಹೇಳಲ್ಲ. ಇದು ನನ್ ಉಸ್ತಾದರ ಕೋಲು” ಎಂದರು. ಇನ್ನು ದಾರಿ ಇರಲಿಲ್ಲ. ಬಾವಿ, ಎಮ್ಮೆ, ಚರಂಡಿ, ಕತ್ತೆ, ಆನೆ, ಒಂದನ್ನೂ ಬಿಡದೆ ಹೇಳಿದೆ. ಅವರು ಕೋಲು ತೆರೆದು ಹೊಸ ಪಟ್ಟಿಯ ಮೇಲೆ ಬೆರಳಾಡಿಸಿದರು.

“ಬೆಳಗ್ಗೆ ಒಬ್ನೇ ನಡೀತಿದ್ದೆ. ನೋಡ್ತಿದ್ರಾ?” ಎಂದರು ಕೊನೆಗೆ.

“ನೋಡ್ತಿದ್ದೆ.”

“ಏನಂದ್ಕೊಂಡ್ರಿ?”

“ವಯಸ್ಸಾಯ್ತು ಪಾಪ ಅಂದ್ಕೊಂಡೆ.”

“ಒಂದ್ ತಿಂಗಳು ನನ್ನ ಮುದುಕನ್ನ ಮಾಡಿಬಿಟ್ರಲ್ಲ ಶೀನಪ್ಪನೋರೇ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಕಣ್ಣಲ್ಲಿ ನೀರು ಬಂತು. ಅವರು ಎದ್ದು, “ಆ ಅಳತೆಪಟ್ಟಿ ತಗೊಳ್ಳಿ, ಬನ್ನಿ” ಎಂದು ಮೈದಾನಕ್ಕೆ ನಡೆದರು. ಸುಡುಬಿಸಿಲು. ಕೋಲನ್ನು ಮಡಿಸಿ ಕಂಕುಳಿಗೆ ಇಟ್ಟುಕೊಂಡು, ಬೆಟ್ಟದ ಮೇಲೆ ದೃಷ್ಟಿ ನಿಲ್ಲಿಸಿ, ಅವರು ನಡೆಯತೊಡಗಿದರು. ನಾನು ಪಂಚೆ ಎತ್ತಿಕಟ್ಟಿ, ನೆಲಕ್ಕೆ ಮಂಡಿಯೂರಿ, ಧೂಳಿನಲ್ಲಿ ಮೂಡಿದ ಒಂದೊಂದು ಹಿಮ್ಮಡಿ ಗುರುತಿಗೂ ಅಳತೆಪಟ್ಟಿ ಹಿಡಿದು ಹಿಂದೆಯೇ ತೆವಳಿದೆ. “ಮೂವತ್ತು!” ಎಂದು ಕೂಗಿದೆ. “ಇನ್ನೊಮ್ಮೆ ಹೇಳಿ” ಎಂದರು ತಿರುಗಿ ನೋಡದೆ. “ಮೂವತ್ತು! ಮೂವತ್ತು! ಮೂವತ್ತು!” ಕಚೇರಿಯ ಕಿಟಕಿಗಳಲ್ಲಿ ಪೇಟಗಳು ಕಾಣಿಸಿಕೊಂಡವು. ಸಂತೆಗೆ ಹೊರಟಿದ್ದವರು ಗಾಡಿ ನಿಲ್ಲಿಸಿದರು. ಶಿರಸ್ತೇದಾರರು ಮೆಟ್ಟಿಲ ಮೇಲೆ ನಿಂತು, ನನಗೆ ಯಾವ ವೈದ್ಯರು ಬೇಕಾದಾರೆಂದು ಯೋಚಿಸುತ್ತಿದ್ದರು. ನಲವತ್ತು ಹೆಜ್ಜೆಗೆ ನನ್ನ ಮಂಡಿಯ ಚರ್ಮ ಹೋಯಿತು. ಸಾಹೇಬರು ನಿಂತು ತಿರುಗಿದಾಗ ಅವರ ಕೈ ಮೀಸೆಯ ಮೇಲಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕತ್ತೆ ಆಯಕ್ಕೆ ಉಳಿ ಹಾಕುವುದಿಲ್ಲವೆಂದು ವೀರಾಚಾರಿ ಹಟ ಹಿಡಿದ. ಸಾಹೇಬರೇ ಅವನ ಅಂಗಳದಲ್ಲಿ ಕುಳಿತು ಅರದಿಂದ ಉಜ್ಜಿ ಮೂವತ್ತಕ್ಕೆ ಕಚ್ಚು ಹಾಕಿಕೊಂಡರು. ಉಳಿದವರಿಗೆ ಅವರು ನನ್ನ ವಿಷಯ ಹೇಳಲಿಲ್ಲ. “ಕೋಲಿಗೆ ಸ್ವಲ್ಪ ಮೈ ಸರಿ ಇರ್ಲಿಲ್ಲ” ಎಂದಷ್ಟೇ ಹೇಳಿದರು. ಒಂದು ತಿಂಗಳು ಆನೆಯಂತೆ ಕಾಲು ಚಾಚಿದ್ದ ನಮಗೆ ಮೂವತ್ತಂಗುಲ ಸಂಜೆಯ ತಿರುಗಾಟದಷ್ಟು ಸುಲಭವಾಯಿತು. ತಪಾಸಣೆಯ ದಿನ ದೊಡ್ಡ ಸಾಹೇಬರು ನಮ್ಮ ಹದಿನಾರು ಜನರ ಕಾಲು ನೋಡಿ ತಲೆದೂಗಿದರು. ಮಹಬೂಬ್ ಸಾಹೇಬರು ಕೋಲಾರಕ್ಕೆ ಹೋದರು. ಕೋಲನ್ನು ನನಗೆ ಕೊಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಈಗ ನನಗೆ ಅವರ ಆಗಿನ ವಯಸ್ಸು ದಾಟಿದೆ. ಇತ್ತೀಚೆಗೆ ಬಸ್ಸಿನ ಮೆಟ್ಟಿಲು ಎತ್ತರವಾಗಿದೆ, ಅಂಚೆ ಕಚೇರಿ ದೂರ ಸರಿದಿದೆ, ಮನೆಯ ಹೊಸ್ತಿಲಿಗೂ ಕಾಲು ತಾಗುತ್ತದೆ. ನಾನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ಪಟ್ಟಿ ಹಿಡಿದು ಎಲ್ಲವನ್ನೂ ಅಳೆದು ನೋಡಿದ್ದೇನೆ. ಅಳತೆಗಳೆಲ್ಲ ಮೊದಲಿನಂತೆಯೇ ಇವೆ. ಆದರೂ ದಿನಾ ಸಂಜೆ ಜಗಲಿಯ ಮೇಲೆ ಕುಳಿತು ಬೀದಿಯ ಕಡೆ ನೋಡುತ್ತಿರುತ್ತೇನೆ. ಯಾರಾದರೂ ಬಂದು, “ತಪ್ಪು ನಿಮ್ಮ ಕಾಲಿಂದಲ್ಲ ಸ್ವಾಮಿ, ನನ್ನದು” ಎಂದು ಅಳುತ್ತ ಒಪ್ಪಿಕೊಳ್ಳಬಾರದೇ ಎಂದು. ಇನ್ನೂ ಯಾರೂ ಬಂದಿಲ್ಲ.