ಚಾಲಕರ ಪಕ್ಕದ ಆಸನಕ್ಕೆ ಸಲ್ಲತಕ್ಕ ಗೌರವ

ಆಡಳಿತ ವಿಭಾಗ, ತಳೇಗಾಂವ ದಾಭಾಡೆ ಘಟಕ
ಸಂಖ್ಯೆ: ಆವಿ/ಆಸನ/ಮುಂದೆ-ಹಿಂದೆ/07

ವಿಷಯ: ಕಂಪನಿ ಕಾರಿನಲ್ಲಿ ಜಪಾನೀ ಹಿರಿಯರನ್ನು ಕೂರಿಸುವ ಕ್ರಮ ಹಾಗೂ ತತ್ಪರಿಣಾಮವಾಗಿ ಶ್ರೀ ಸಿದ್ದಾರೂಢ ಅವರ ನೌಕರಿ ಖಾಯಂ ಆಗದೆ ಉಳಿದಿದ್ದ ಬಗ್ಗೆ.
ಉಲ್ಲೇಖ: ಚಾಲಕ ಭೀಮು ಅವರ ಮೌಖಿಕ ದೂರು.

1. ಜಪಾನೀ ಪದ್ಧತಿಯಂತೆ ಕಾರಿನಲ್ಲಿ ಚಾಲಕರ ಹಿಂದಿನ ಆಸನ ಹಿರಿಯರದು. ಚಾಲಕರ ಪಕ್ಕದ್ದು ಎಲ್ಲರಿಗಿಂತ ಕಿರಿಯರದು. ಪರೀಕ್ಷಾರ್ಥ ಅವಧಿಯಲ್ಲಿರುವ ಎಂಜಿನಿಯರ್ ಶ್ರೀ ಸಿದ್ದಾರೂಢ ಅವರಿಗಾದರೋ, ಮುಂದಿನ ಆಸನ ಬೀಗರಿಗೆ ಮೀಸಲೆಂಬ ತಿಳಿವಳಿಕೆ ಮನೆಯಿಂದಲೇ ಬಂದಿರುತ್ತದೆ. ಅದರಂತೆ ಅವರು ಹೊಸ ಮೇಲಧಿಕಾರಿ ಶ್ರೀ ಮೊರಿಶಿತಾ ಅವರಿಗೆ ದಿನವೂ ಮುಂಬಾಗಿಲು ತೆರೆದು, "ಸಾಹೇಬ್ರ, ನೀವು ಮುಂದ ಕೂಡ್ರಿ. ನಮ್ಮದೇನ್ರಿ, ಹಿಂದ ಹೆಂಗರ ನಡೀತದ" ಎಂದು ಹೇಳಿ, ತಾವು ಚಾಲಕರ ಬೆನ್ನ ಹಿಂದೆ ಮುದುಡಿ ಕೂರುತ್ತಿದ್ದುದು ಕಂಡುಬಂದಿದೆ.

2. ಶ್ರೀ ಮೊರಿಶಿತಾ ಆಕ್ಷೇಪಿಸಿರುವುದಿಲ್ಲ. ತಮಗೆ ಹಿಂಬಡ್ತಿಯಾಗಿದೆಯೆಂದು ಭಾವಿಸಿ, ದಾರಿ ಕೇಳುವುದು, ಹಿಂಬಾಗಿಲು ತೆರೆಯುವುದು ಮುಂತಾದ ಕಿರಿಯರ ಕರ್ತವ್ಯಗಳನ್ನು ನಿಷ್ಠೆಯಿಂದ ವಹಿಸಿಕೊಂಡಿರುತ್ತಾರೆ. ಭೀಮು ಅವರ ಹೇಳಿಕೆ: "ಪಿಂಪ್ರಿ ಸಿಗ್ನಲ್‌ದಾಗ ಸಾಹೇಬ್ರು ಕಿಟಕ್ಯಾಗಿಂದ ಕೈ ಚಾಚಿ ಮರಾಠಿಯೊಳಗ 'ಬಾಜೂಲಾ, ಬಾಜೂಲಾ' ಅಂತ ಮಂದೀನ್ನ ಬದಿಗೆ ಸರಸ್ತಾರ್ರಿ! ಇಂಥಾ ಕ್ಲೀನರ್ ನನಗ ಲಾರಿ ಹೊಡೀವಾಗೂ ಸಿಕ್ಕಿದ್ದಿಲ್ಲ." ಇದನ್ನು ದೂರೆಂದು ದಾಖಲಿಸಲಾಗಿದೆ, ಹೊಗಳಿಕೆಯೆಂಬ ಭೀಮು ಅವರ ವಾದವನ್ನು ತಳ್ಳಿಹಾಕಲಾಗಿದೆ.

3. ಶ್ರೀ ಸಿದ್ದಾರೂಢರ ನೌಕರಿ ಖಾಯಂಗೊಳಿಸುವ ವರದಿಗೆ ಶ್ರೀ ಮೊರಿಶಿತಾ ಅವರೇ ಸಹಿ ಹಾಕಬೇಕಿತ್ತು. ಚಾಲಕರ ಹಿಂದೆ ಕೂರುವವರ ಯೋಗ್ಯತೆ ಅಳೆಯುವಷ್ಟು ತಾವು ದೊಡ್ಡವರಲ್ಲವೆಂದು ಬಾಗಿ ವಂದಿಸಿ, ಅವರು ಕಡತವನ್ನು ಎರಡೂ ಕೈಗಳಿಂದ ಮರಳಿಸಿರುತ್ತಾರೆ. ಈ ವಾರ ಸಹಿಯಾಗದಿದ್ದಲ್ಲಿ ನೌಕರಿ ಹೋಗುತ್ತಿದ್ದುದರಿಂದ ಶ್ರೀ ಸಿದ್ದಾರೂಢ ಊಟ ಬಿಟ್ಟಿದ್ದುದನ್ನು ಕ್ಯಾಂಟೀನಿನವರು ಗಮನಕ್ಕೆ ತಂದಿದ್ದರು.

4. ಆದುದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:
(ಅ) ಇನ್ನು ಮುಂದೆ ಹಿರಿಯರು ಹಿಂದೆ, ಕಿರಿಯರು ಮುಂದೆ.
(ಆ) ರಿಕ್ಷಾದಲ್ಲಿ ಎಲ್ಲರೂ ಚಾಲಕರ ಹಿಂದೆಯೇ ಇರುವುದರಿಂದ, ಇಳಿಯುವವರೆಗೆ ಎಲ್ಲರೂ ಹಿರಿಯರು.
(ಇ) ಸ್ಕೂಟರಿನ ಹಿಂಬದಿಯ ಹಿರಿಯರು, ಘನತೆಗೆ ಕುಂದೆಂದು ಮುಂದಿನ ಕಿರಿಯರ ಹೆಗಲು ಹಿಡಿಯದೆ ಇರತಕ್ಕದ್ದಲ್ಲ.
(ಈ) ಕಾರು ಹಿಮ್ಮುಖವಾಗಿ ಚಲಿಸುವಾಗ ಹಿರಿತನ ಅದಲುಬದಲಾಗುವುದಿಲ್ಲ.

5. ನಿನ್ನೆ ಪ್ರಾಯೋಗಿಕವಾಗಿ ಆಸನ ಬದಲಿಸಲಾಗಿ, ಕಾರು ಗೇಟು ದಾಟುವ ಮೊದಲೇ ಶ್ರೀ ಮೊರಿಶಿತಾ ವರದಿಗೆ ಸಹಿ ಹಾಕಿರುತ್ತಾರೆ. ಶ್ರೀ ಸಿದ್ದಾರೂಢರ ನೌಕರಿ ಖಾಯಂ ಆಗಿದೆ.

(ಸಹಿ/-)
ತ್ರಿವೇಣಿ
ಆಡಳಿತಾಧಿಕಾರಿ

ಪ್ರತಿಗಳು:
1. ಶ್ರೀ ಮೊರಿಶಿತಾ: ಇದು ಬಡ್ತಿಯಲ್ಲ, ಮೊದಲಿನ ಹುದ್ದೆಯೇ ಎಂಬ ಸ್ಪಷ್ಟನೆಯೊಂದಿಗೆ.
2. ಚಾಲಕ ಭೀಮು: ಹೊಸ ಕ್ಲೀನರಿಗೆ ಕೆಲಸ ಕಲಿಸಿಕೊಡಲು.
3. ಶ್ರೀಮತಿ ಪಾರವ್ವ, ಶ್ರೀ ಸಿದ್ದಾರೂಢರ ತಾಯಿ, ಚಿಂಚವಾಡ: ನೌಕರಿ ಖಾಯಂ ಆದೊಡನೆ ಕಂಪನಿಯವರು ಮಗನನ್ನು ಕಾರಿನಲ್ಲಿ ಮುಂದೆ ಕೂರಿಸಿದರೆಂದು ಓಣಿಗೆಲ್ಲ ಪೇಢೆ ಹಂಚಿರುವುದರಿಂದ, ಇವರಿಗೆ ಕಲಂ 1ರಿಂದ 4ರವರೆಗೆ ತೆಗೆದುಹಾಕಿದ ಪ್ರತಿಯನ್ನೇ ಕಳುಹಿಸತಕ್ಕದ್ದು.